ವೈನಿ, ಯುಲ್ವಾ ಮತ್ತು ಒಂದು ತಟ್ಟೆ ಅಕ್ಕಿ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಕನ್ನಡದವರ ಮೊಬೈಲ್ ಗುಂಪಿನಲ್ಲಿ ‘ವೈನಿ ಹೋದರು’ ಎಂದು ಎರಡೇ ಪದದ ಸಂದೇಶ ಬಂತು. ಯಾವ ವೈನಿ ಎಂದು ಯಾರೂ ಕೇಳಲಿಲ್ಲ. ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಎನ್ನುತ್ತಾರೆ. ಆ ಲೆಕ್ಕದಲ್ಲಿ ಲಂಡನ್ನಿನಲ್ಲಿ ಬೇಕಾದಷ್ಟು ವೈನಿಯರು ಇರಬೇಕು. ಆದರೆ ಕೆಂಟನ್‌ನಿಂದ ರೇನರ್ಸ್ ಲೇನ್‌ವರೆಗೆ ಕನ್ನಡ ಮಾತಾಡುವ ಎಲ್ಲರಿಗೂ, ಕುಂದಾಪುರದ ಹೋಟೆಲಿನವರಿಗೂ, ಮೈಸೂರಿನ ನಮಗೂ, ವೈನಿ ಅಂದರೆ ಅವರೊಬ್ಬರೇ. ಅವರಿಗೊಂದು ಹೆಸರಿದೆ ಎನ್ನುವುದು ಅನೇಕರಿಗೆ ತಿಳಿದದ್ದು ಸಂತಾಪ ಸಭೆಗೆ ಬ್ಯಾನರ್ ಬರೆಸುವಾಗ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಲು ಹೊರಟರೆ ಅವರೇ ಬಂದು ‘ಎರಡರಾಗ ಯಾವುದು ಬರೀತಿ?’ ಎಂದು ಕೇಳುತ್ತಿದ್ದರು.

ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಹತ್ತಿರದ ಜಿಪಿ ಸರ್ಜರಿಯೊಂದರಲ್ಲಿ, ಅಂದರೆ ಇಲ್ಲಿನ ಬಡಾವಣೆಯ ದವಾಖಾನೆಯಲ್ಲಿ, ರಿಸೆಪ್ಶನಿಸ್ಟ್ ಆಗಿ ಸೇರಿ ಅಲ್ಲೇ ರಿಟೈರ್ ಆದರು. ಗೋಡೆಯ ಮೇಲಿನ ಪರದೆಯಲ್ಲಿ ರೋಗಿಗಳ ಹೆಸರು ಮೂಡುವ ಕಾಲ ಇನ್ನೂ ಬಂದಿರಲಿಲ್ಲ, ಹೆಸರು ಹಿಡಿದು ಕೂಗಬೇಕಿತ್ತು. ಪೋಲೆಂಡಿನವರು, ಸೊಮಾಲಿಯಾದವರು, ಜಾಫ್ನಾದವರು, ಗುಜರಾತಿಗಳು ಎಲ್ಲರೂ ಬರುವ ಜಾಗ. ಬೇರೆ ರಿಸೆಪ್ಶನಿಸ್ಟರು ಹೆಸರನ್ನು ಅರ್ಧ ನುಂಗಿ ಅರ್ಧ ಕೂಗುತ್ತಿದ್ದರು. ವೈನಿ ಹಾಗಲ್ಲ. ಹೊಸಬರು ಬಂದರೆ ಕೌಂಟರಿನಿಂದ ಬಗ್ಗಿ, ಹೇಗೆ ಕರೆಯಬೇಕು ಎಂದು ಕೇಳಿ, ಅವರಿಂದಲೇ ಹೇಳಿಸಿ, ತಾವು ಹೇಳಿ ತೋರಿಸಿ, ಸರಿ ಎನಿಸಿಕೊಂಡ ಮೇಲೆ ಎರಡನೆಯ ಪ್ರಶ್ನೆಗೆ ಬರುತ್ತಿದ್ದರು. ಅರ್ಥ ಏನು? ರೋಗಿಗೆ ಜ್ವರವಿರಲಿ, ಮಂಡಿ ನೋವಿರಲಿ, ಹೆಸರಿನ ಅರ್ಥ ಹೇಳದೆ ಬಿಡುಗಡೆ ಇರಲಿಲ್ಲ. ಡಾಕ್ಟರಿಗೆ ಒಬ್ಬನ ಸಕ್ಕರೆ ಎಷ್ಟೆಂದು ಗೊತ್ತಿದ್ದರೆ ವೈನಿಗೆ ಅವನ ಹೆಸರಿನ ಮೂಲ ಗೊತ್ತಿರುತ್ತಿತ್ತು. ಶಾಂತಿ ಕೆಡಿಸುವವನು ಎಂಬ ಅರ್ಥದ ಹೆಸರಿನ ಪೋಲಿಷ್ ಬಡಗಿಯೊಬ್ಬ ಎಂಥ ಸಾಧು ಮನುಷ್ಯ ಎಂದು ಅವರು ಬಹಳ ದಿನ ಮರುಗಿದ್ದುಂಟು.

ನನ್ನನ್ನೂ ಬಿಟ್ಟಿರಲಿಲ್ಲ. ನಾನು ಈ ಬೀದಿಗೆ ಬಂದ ಹೊಸದರಲ್ಲಿ ಊಟಕ್ಕೆ ಕರೆದಿದ್ದೆ. ತಟ್ಟೆಯಲ್ಲಿ ಬಿದ್ದ ನನ್ನ ಚಪಾತಿಯನ್ನು ಎತ್ತಿ ನೋಡಿ, “ಮೃದುಲಾ ಅಂತ ಹೆಸರಿಟ್ಟಾರ ನಿನಗ. ಇದನ್ನ ನೋಡಿದ್ರ ಯಾರರೆ ನಂಬ್ತಾರೇನು?” ಎಂದರು. ಅಂದಿನಿಂದ ಅವರು ನಮ್ಮ ಮನೆಗೆ ಬಂದಾಗ ಅನ್ನವನ್ನಷ್ಟೇ ಮಾಡುತ್ತಿದ್ದೆ.

ಊರಿನವರ ಹೆಸರನ್ನೆಲ್ಲ ಗಂಟಲೆತ್ತಿ ಕೂಗುತ್ತಿದ್ದ ವೈನಿಗೆ ಒಂದೇ ಒಂದು ಹೆಸರು ಬಾಯಲ್ಲಿ ಬರುತ್ತಿರಲಿಲ್ಲ, ಗಂಡನದು. ಹಳೆಯ ಕಾಲದ ಸಂಪ್ರದಾಯ, ಗಂಡನ ಹೆಸರು ಹೇಳಬಾರದು. ಮನೆಯಲ್ಲಿ ‘ಇವರು’, ಫೋನಿನಲ್ಲಿ ‘ನಮ್ಮ ಮನಿಯವರು’. ಇಷ್ಟರಲ್ಲಿ ಸಂಸಾರ ನಡೆಯುತ್ತದೆ, ಸರ್ಜರಿ ನಡೆಯುವುದಿಲ್ಲ. ‘ಇವರು’ ರಕ್ತದೊತ್ತಡ ತೋರಿಸಲು ಬಂದ ದಿನ ಸರದಿ ಬಂದಾಗ ವೈನಿ ಎದ್ದು ನಿಂತು, ಗಂಡನ ಕಡೆ ನೋಡಿ, “ಬರ್ರಿ, ನಿಮ್ಮದs” ಎಂಬಂತೆ ಕೈ ಮಾಡಿದರಂತೆ. ಪೇಪರಿನಲ್ಲಿ ಮುಳುಗಿದ್ದ ಗಂಡ ನೋಡಲಿಲ್ಲ. ಪಕ್ಕದಲ್ಲಿದ್ದ ಐರಿಷ್ ಮುದುಕ ತನ್ನನ್ನೇ ಕರೆದರೆಂದು ಒಳಗೆ ಹೋಗಿ, ಕಿವಿಯ ಗುಗ್ಗೆ ತೆಗೆಸಿಕೊಳ್ಳಲು ಬಂದವನು ರಕ್ತದೊತ್ತಡದ ಮಾತ್ರೆಯ ಚೀಟಿ ಹಿಡಿದು ಹೊರಬಂದ. ಮ್ಯಾನೇಜರ್ ವಿಚಾರಣೆ ಮಾಡಿದರು. ವೈನಿ ಕಾರಣ ವಿವರಿಸಿದರು. ಆ ಮೇಲೆ ‘ಇವರ’ ಅಪಾಯಿಂಟ್‌ಮೆಂಟನ್ನು ವೈನಿಯ ರಜೆಯ ದಿನಕ್ಕೇ ಕೊಡುವುದು ಎಂದು ತೀರ್ಮಾನವಾಯಿತು.

ಇಂಥವರ ಮನೆಗೆ ಮಗ ಸಮೀರ ಒಂದು ಭಾನುವಾರ ಸ್ವೀಡನ್ನಿನ ಹುಡುಗಿಯನ್ನು ಕರೆದುಕೊಂಡು ಬಂದ. ಎಜ್‌ವೇರ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ, ಇವಳನ್ನೇ ಮದುವೆಯಾಗುವುದು ಎಂದ. ಜೊತೆಗಿರಲಿ ಎಂದು ವೈನಿ ನನ್ನನ್ನು ಕರೆಸಿಕೊಂಡಿದ್ದರು. ಜಾತಿ, ದೇಶ, ಊಟ ಯಾವುದರ ಮಾತೂ ಎತ್ತಲಿಲ್ಲ. ಚಹಾ ಕೊಟ್ಟು, ಎದುರಿಗೆ ಕುಳಿತು, ಸರ್ಜರಿಯ ಮೊದಲ ಪ್ರಶ್ನೆಯನ್ನು ಕೇಳಿದರು. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಆದರೆ ವೈನಿಯ ಇಂಗ್ಲಿಷು ನನ್ನ ಕಿವಿಗೆ ಯಾವತ್ತೂ ಧಾರವಾಡದ ಕನ್ನಡವಾಗಿಯೇ ಕೇಳುತ್ತಿತ್ತು, ಹಾಗೆಯೇ ಬರೆಯುತ್ತೇನೆ.

“ನಿನ್ನ ಹೆಸರು ಹ್ಯಾಂಗ ಅನಬೇಕವಾ?”

“ಯುಲ್ವಾ,” ಎಂದಳು. ಬರೆಯಲು ಹೀಗೆ ಬರೆದಿದ್ದೇನೆ, ಸ್ವೀಡನ್ನಿನವರ ಆ ಮೊದಲ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ತುಟಿಯನ್ನು ‘ಊ’ ಎನ್ನಲು ಇಟ್ಟುಕೊಂಡು ಒಳಗೆ ‘ಈ’ ಎನ್ನಬೇಕು ಎಂದು ಅವಳೇ ಹೇಳಿಕೊಟ್ಟಳು. ಚಹಾ ಮುಗಿಯುವುದರೊಳಗೆ ವೈನಿಗೆ ಬಂತು. ಸಮೀರನಿಗೆ ಇವತ್ತಿಗೂ ಬಂದಿಲ್ಲ.

“ಅರ್ಥ?”

ಯುಲ್ವಾ ಸಂಕೋಚವಿಲ್ಲದೆ ಹೇಳಿದಳು. ಅವರ ಹಳೆಯ ಭಾಷೆಯಲ್ಲಿ ಉಲ್ಫ್ ಅಂದರೆ ತೋಳ, ಗಂಡಸರ ಹೆಸರು. ಅದನ್ನು ಹೆಣ್ಣು ಮಾಡಿದರೆ ಯುಲ್ವಾ, ಹೆಣ್ಣು ತೋಳ. ಹಿಂದೆ ಅವರ ಕಡೆ ಕರಡಿ, ತೋಳ, ಹದ್ದು ಎಂದೆಲ್ಲ ಮಕ್ಕಳಿಗೆ ಹೆಸರಿಡುತ್ತಿದ್ದರಂತೆ, ಆ ಪ್ರಾಣಿಯ ಧೈರ್ಯ ಮಗುವಿಗೆ ಬರಲಿ ಎಂದು. ವೈನಿ ನನ್ನ ಮುಖ ನೋಡಿದರು. ನಾನು ಬಿಸ್ಕತ್ತಿನ ತಟ್ಟೆ ನೋಡಿದೆ.

“ಆದರೆ ಕಾಡಿನಲ್ಲಿ ಆ ಪದ ಆಡುತ್ತಿರಲಿಲ್ಲವಂತೆ,” ಎಂದು ಯುಲ್ವಾ ಮುಂದುವರಿಸಿದಳು. “ಹೆಸರು ಹಿಡಿದರೆ ತೋಳ ಬಂದುಬಿಡುತ್ತದೆ ಎಂದು ಭಯ. ಅದಕ್ಕೇ ಬೂದುಗಾಲಿನವನು, ಹಾಗೆ ಹೀಗೆ ಎಂದು ಸುತ್ತಿಬಳಸಿ ಹೇಳುತ್ತಿದ್ದರು.”

ವೈನಿಯ ಮುಖ ಸ್ವಲ್ಪ ಸಡಿಲವಾಯಿತು. “ಹೌದ? ನಮ್ಮ ಕಡೆ ಗಂಡನ ಹೆಸರು ಹಂಗ. ಹೇಳೂದಿಲ್ಲ.”

“ಹೇಳಿದರೆ ಅವರು ಬಂದುಬಿಡುತ್ತಾರೆಯೇ?” ಯುಲ್ವಾ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

“ಕರದ್ರ ಯಾವತ್ತ ಬಂದಾರ?” ಎಂದರು ವೈನಿ. ಒಳಗಿನ ಕೋಣೆಯಲ್ಲಿ ‘ಇವರು’ ನೋಡುತ್ತಿದ್ದ ಟಿವಿಯ ದನಿ ಕೊಂಚ ಕಡಿಮೆಯಾಯಿತು.

ಹುಡುಗಿ ಒಪ್ಪಿಗೆಯಾದಳು. ಅವಳಲ್ಲಿ ವೈನಿ ಸಹಿಸದ ಸಂಗತಿ ಒಂದೇ. ಯುಲ್ವಾ ಹೊಸದೇನನ್ನೂ ಕೊಳ್ಳುತ್ತಿರಲಿಲ್ಲ. ಸ್ವೆಟರು, ಕೋಟು, ಕುಕ್ಕರು, ಕುರ್ಚಿ ಎಲ್ಲ ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯವು. ಚೆನ್ನಾಗಿರುವ ವಸ್ತು ಸುಮ್ಮನೆ ಬಿದ್ದಿರುವಾಗ ಹೊಸದು ಯಾಕೆ ಎನ್ನುವಳು. “ಮಂದಿ ಬಿಟ್ಟ ಅರಿವಿ ಹಾಕ್ಕೊಂಡು ನಮ್ಮನಿ ಸೊಸಿ ಅಡ್ಡಾಡೂದs?” ಎಂದು ವೈನಿ ನನ್ನ ಹತ್ತಿರ ಗೊಣಗುತ್ತಿದ್ದರು, ಅವಳ ಹತ್ತಿರ ಅಲ್ಲ.

ಹೆಸರಿನ ಮಾತು ಎದ್ದದ್ದು ಮದುವೆಯ ದಿನ ಗೊತ್ತಾದ ಮೇಲೆ. ವೈನಿಯ ಮನೆತನದಲ್ಲಿ ಸೊಸೆಯಾಗಿ ಬಂದವಳಿಗೆ ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಬಂಗಾರದ ಉಂಗುರದಿಂದ ವರ ಆ ಹೆಸರನ್ನು ಬರೆಯುತ್ತಾನೆ. ಸಕ್ಕರೆ ಹಂಚುತ್ತಾರೆ. ಹಳೆಯ ಹೆಸರು ಅಲ್ಲಿಗೆ ಮುಗಿಯಿತು. ಈಗ ಊರಿನಲ್ಲೇ ಬಹಳ ಜನ ಬಿಟ್ಟುಬಿಟ್ಟ ಶಾಸ್ತ್ರ. ಲಂಡನ್ನಿನಲ್ಲಿ ಯಾರು ಕೇಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ವೈನಿ ಕೇಳಿದರು. ಪಟ್ಟು ಹಿಡಿದು ಕೇಳಿದರು.

“ಬಂದವರೆಲ್ಲರ ಹೆಸರು ಒಂದಿಷ್ಟೂ ಕೆಡದಂತೆ ಕೂಗುತ್ತಿದ್ದಿರಿ, ವೈನಿ. ಸ್ವಂತ ಸೊಸೆಯದನ್ನು ಯಾಕೆ ತೆಗೀಬೇಕು?” ಎಂದೆ.

“ತೋಳ ಅಂತ ಕರೀಲೇನು ಮನ್ಯಾಗ?”

“ಅರ್ಥ ಯಾರಿಗೆ ಗೊತ್ತಾಗತ್ತೆ?”

“ನನಗ ಗೊತ್ತದಲ್ಲ,” ಎಂದರು. ಆಮೇಲೆ ಬೇರೆ ದನಿಯಲ್ಲಿ ಹೇಳಿದರು. “ನಂದು ತಗದ್ರು, ಮೃದುಲಾ. ನಾ ಏನೂ ಅನ್ನಲಿಲ್ಲ. ಆಕೀದು ಇರಬೇಕಂದ್ರ ನಂದ್ಯಾಕ ಹೋತು?”

ಯುಲ್ವಾಳ ಹೆಸರು ಉಳಿದರೆ ವೈನಿ ತಮ್ಮದನ್ನು ಬಿಟ್ಟದ್ದು ಸುಮ್ಮಸುಮ್ಮನೆ ಬಿಟ್ಟಂತಾಗುತ್ತದೆ. ಅಷ್ಟು ವರ್ಷದ ಮೇಲೆ ಅದನ್ನು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ, ವೈನಿಯಂಥವರಿಗೆ ಇನ್ನೂ ಕಷ್ಟ.

ಯುಲ್ವಾ ಗಲಾಟೆ ಮಾಡಲಿಲ್ಲ. ಅಕ್ಕಿಯ ಮೇಲೆ ಏನು ಬೇಕಾದರೂ ಬರೆಯಿರಿ, ಆದರೆ ಅರ್ಥ ಹೇಳಿ ಬರೆಯಿರಿ ಎಂದಳು. ಅಲ್ಲಿಗೆ ವೈನಿ ಸಿಕ್ಕಿಹಾಕಿಕೊಂಡರು. ಅರ್ಥ ನೋಡದೆ ಹೆಸರು ಮುಟ್ಟುವವರಲ್ಲ, ಅರ್ಥ ನೋಡಿದರೆ ಯಾವ ಹೆಸರೂ ಒಪ್ಪಿಗೆಯಲ್ಲ. ಕಮಲಾ ಎಂದೆ. “ಕೆಸರಿನಾಗ ಹುಟ್ಟಿದಾಕಿ.” ಯಮುನಾ ಎಂದೆ. “ಯಮನ ತಂಗಿ.” ವೀಣಾ ಎಂದೆ. “ಯಾರರೆ ಬಾರಸವರು ಬೇಕು.” ಗಂಡ ಒಳಗಿನಿಂದ ಬಂದು, ಇದ್ದ ಹೆಸರನ್ನೇ ಉಳಿಸಬಹುದು, ಸಂಸ್ಕೃತದ ವೃಕ ಅಂದರೂ ತೋಳವೇ, ಅದೂ ಇದೂ ಒಂದೇ ಬೇರಿನಿಂದ ಬಂದ ಪದಗಳು ಎಂದು ತಿಳಿಹೇಳಲು ನೋಡಿದರು. “ಬೇರು ಒಂದ ಆದ್ರ ತೋಳ ಹೋಗಿ ಕುರಿ ಆಗ್ತದೇನ್ರಿ?” ಎಂದು ವೈನಿ ಕೇಳಿದ ಮೇಲೆ ಅವರು ಟಿವಿಯ ಕೋಣೆಗೆ ವಾಪಸು ಹೋದರು.

ಮದುವೆಗೆ ವಾರವಿರುವಾಗ ಧಾರವಾಡದಿಂದ ವೈನಿಯ ನಾದಿನಿ ಬಂದಿಳಿದರು. ಗಂಡನ ಅಕ್ಕ. ಮನೆಯ ಸೊಸೆಯಂದಿರಿಗೆಲ್ಲ ಹೆಸರು ಆರಿಸಿದವರು, ವೈನಿಯ ಹೆಸರು ಬದಲಿಸಿದವರೂ ಅವರೇ. ಪೇಡೆಯ ಡಬ್ಬಿಗಳ ಜೊತೆಗೆ ಒಂದು ಹೆಸರನ್ನೂ ತಂದಿದ್ದರು, ಶಾಂತಾ. ತೋಳದ ಸುದ್ದಿ ಅವರಿಗೆ ಫೋನಿನಲ್ಲೇ ಮುಟ್ಟಿತ್ತು, ಅದಕ್ಕೆ ಇದೇ ಮದ್ದು ಎಂದು ತೀರ್ಮಾನಿಸಿದ್ದರು.

“ಅಕ್ಕಾ, ಆಕಿ ಸಾಲ್ಯಾಗ ಗಣಿತ ಕಲಸ್ತಾಳ, ದಿನಾ ಒದರಬೇಕು. ಶಾಂತಾ ಅಂದ್ರ ಹುಡುಗೂರು ನಗ್ತಾವ,” ಎಂದು ವೈನಿ ಹೇಳಿ ನೋಡಿದರು.

“ನೀ ಇನ್ನೊಂದು ತೋರಸು ಹಂಗಾರ,” ಎಂದರು ನಾದಿನಿ.

ವೈನಿಯ ಹತ್ತಿರ ಇನ್ನೊಂದು ಇರಲಿಲ್ಲ. ಶಾಂತಾ ಎಂದೇ ಆಗುವ ಹಾಗೆ ಕಂಡಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾದಿನಿ ಮಲಗಿದ್ದರು. ನಾನು, ವೈನಿ, ಯುಲ್ವಾ ಮೂವರೂ ಅಡುಗೆಮನೆಯಲ್ಲಿ ಶಂಕರಪಾಳಿ ಮಾಡುತ್ತಿದ್ದೆವು. ಯುಲ್ವಾ ಚಾರಿಟಿ ಅಂಗಡಿಯ ಹಸಿರು ಸ್ವೆಟರಿನ ತೋಳು ಮಡಚಿಕೊಂಡು ಹಿಟ್ಟಿನ ಹಾಳೆಯನ್ನು ಚೌಕಳಿಯಾಗಿ ಕೊರೆಯುತ್ತಿದ್ದಳು. ಗಣಿತದವಳಲ್ಲವೇ, ಒಂದೂ ಹೆಚ್ಚು ಕಡಿಮೆ ಇಲ್ಲ. ಕೊರೆಯುತ್ತಲೇ ಕೇಳಿದಳು.

“ನಿಮ್ಮ ಹೆಸರನ್ನೂ ಹೀಗೇ ಬದಲಿಸಿದರಂತೆ. ಮೊದಲು ಏನಿತ್ತು?”

ವೈನಿ ಜಾಲರಿ ಸೌಟು ಹಿಡಿದು ಬಾಣಲೆಯ ಮುಂದೆ ನಿಂತಿದ್ದರು. ತಿರುಗದೆಯೇ ಹೇಳಿದರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

“ಅರ್ಥ?” ಎಂದಳು ಯುಲ್ವಾ.

ಜಗತ್ತಿನವರನ್ನೆಲ್ಲ ಈ ಪ್ರಶ್ನೆ ಕೇಳಿದ್ದ ವೈನಿಯನ್ನು ಯಾರೂ ಅದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ.

“ಹೊಳಿ ಹೆಸರದು. ನಮ್ಮ ತವರೂರ ಮಗ್ಗಲs ಹರೀತದ. ನಾ ಹುಟ್ಟಿದ ವರ್ಷ ಎರಡೂ ದಂಡಿ ತುಂಬಿ ಬಂದಿತ್ತಂತ. ನಮ್ಮಪ್ಪ ಹೋಗಿ ನೋಡಿ ಬಂದು ಅದನ್ನs ಇಟ್ರು.”

“ಅಂಥದನ್ನು ಯಾಕೆ ತೆಗೆದರು?”

“ಯಾಕ ಅಂದ್ರ? ಪದ್ಧತಿ.”

“ಈಗ ಅದನ್ನು ಯಾರು ಬಳಸುತ್ತಾರೆ?”

“ಯಾರದಾರ ಬಳಸಲಿಕ್ಕೆ? ಅಪ್ಪ ಅವ್ವ ಹೋದ್ರು. ಅಣ್ಣಾನೂ ಹೋದ. ಆ ಹೆಸರ್ಲೆ ಕರೆಯವರು ಒಬ್ರೂ ಉಳದಿಲ್ಲ.”

ಯುಲ್ವಾ ಚಾಕು ಕೆಳಗಿಟ್ಟಳು. “ಹಾಗಾದರೆ ಅದನ್ನು ನನಗೆ ಕೊಡಿ. ಸುಮ್ಮನೆ ಬಿದ್ದಿದೆಯಲ್ಲ.”

ಮಂದಿ ಬಿಟ್ಟದ್ದನ್ನು ಎತ್ತಿಕೊಳ್ಳುವ ಅವಳ ಅಭ್ಯಾಸದ ಬಗ್ಗೆ ಇಷ್ಟು ತಿಂಗಳು ತಡೆದಿಟ್ಟ ಬೈಗುಳ ಈಗ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

“ಅದು ಹಳೇದದ,” ಎಂದರು ವೈನಿ, ಬಹಳ ಮೆಲ್ಲಗೆ.

“ಹಳೆಯದೇ ನನಗಿಷ್ಟ.”

ಬಾಣಲೆಯಲ್ಲಿದ್ದ ಶಂಕರಪಾಳಿ ಕಪ್ಪಾಗತೊಡಗಿತ್ತು. ವೈನಿ ಗ್ಯಾಸ್ ಆರಿಸಿ, ಹಿಂಬಾಗಿಲು ತೆರೆದು ತೋಟಕ್ಕೆ ಹೋದರು. ಕೋಟೂ ಹಾಕಿಕೊಳ್ಳದೆ ಬಟ್ಟೆ ಒಣಹಾಕುವ ಕಂಬದ ಹತ್ತಿರ, ನಮಗೆ ಬೆನ್ನು ಮಾಡಿ ನಿಂತುಬಿಟ್ಟರು. ತಪ್ಪು ಮಾತಾಡಿದೆನೇ ಎಂದು ಯುಲ್ವಾ ನನ್ನನ್ನು ಕೇಳಿದಳು. ಇಲ್ಲ ಎಂದು ತಲೆಯಲ್ಲಾಡಿಸಿದೆ. ಒಳಗೆ ಬಂದ ವೈನಿ, “ಎಣ್ಣಿ ಆರಿತೇನು?” ಎಂದು ಮತ್ತೆ ಗ್ಯಾಸ್ ಹಚ್ಚಿದರು. ಹೆಸರಿನ ಮಾತು ಆಡಲಿಲ್ಲ, ಆ ದಿನ ಯಾರ ಜೊತೆಗೂ.

ಮರುದಿನ ರೇನರ್ಸ್ ಲೇನ್ ಹತ್ತಿರದ ಹಾಲ್‌ನಲ್ಲಿ ಮದುವೆ. ವಾರವೆಲ್ಲ ಆಫೀಸು, ಶನಿವಾರ ಪೌರೋಹಿತ್ಯ ಮಾಡುವ ಭಟ್ಟರು ಚುರುಕಾಗಿ ಎಲ್ಲವನ್ನೂ ಮುಗಿಸಿ ಅಕ್ಕಿಯ ತಟ್ಟೆಗೆ ಬಂದರು. ನಾದಿನಿ ಮುಂದಿನ ಸಾಲಿನಲ್ಲಿ ಕುಳಿತು ಸಕ್ಕರೆಯ ಬಟ್ಟಲು ಹಿಡಿದಿದ್ದರು. “ಹೆಸರು ಹೇಳಿ ಅಮ್ಮಾ,” ಎಂದರು ಭಟ್ಟರು. ಸಮೀರ ಉಂಗುರ ಹಿಡಿದು ಕಕ್ಕಾಬಿಕ್ಕಿಯಾಗಿದ್ದ. ಹ್ಯಾರೋದಲ್ಲಿ ಹುಟ್ಟಿ ಬೆಳೆದ ಹುಡುಗ. ಶಾಂತಾ ಎಂದು ಕನ್ನಡದಲ್ಲಿ ಬರೆಯುವುದನ್ನು ನಾದಿನಿ ವಾರವಿಡೀ ಅಭ್ಯಾಸ ಮಾಡಿಸಿದ್ದರು. ಅದು ಬಿಟ್ಟು ಅವನಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ.

ವೈನಿ ಹೆಸರು ಹೇಳಲಿಲ್ಲ. ಮಗನ ಪಕ್ಕದಲ್ಲಿ ಕುಳಿತು, ಉಂಗುರ ಹಿಡಿದ ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಎಳೆ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಅಕ್ಕಿಯ ಮೇಲೆ ಬರೆಸಿದರು. ಬರೆದದ್ದು ಅವನ ಕೈಯೋ ಅವರ ಕೈಯೋ ಹೇಳುವುದು ಕಷ್ಟ. ಏನು ಬರೆದೆವು ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ. ವೈನಿ ಓದಿ ಹೇಳಿದರು. ಸರ್ಜರಿಯ ಕಾಯುವ ಕೋಣೆಯ ಕೊನೆಯ ಕುರ್ಚಿಗೂ ಮುಟ್ಟುತ್ತಿದ್ದ ಅವರ ದನಿ ಆ ಹೆಸರಿಗೆ ಸಾಲಲಿಲ್ಲ. ಮುಂದಿನ ಎರಡು ಸಾಲಿನವರಿಗಷ್ಟೇ ಕೇಳಿಸಿತು. ವೈನಿಯ ಗಂಡ ಥಟ್ಟನೆ ತಲೆಯೆತ್ತಿದರು. ಒಮ್ಮೆ ತಮ್ಮ ಮದುವೆಯ ಕರೆಯೋಲೆಯಲ್ಲಿ ಓದಿದ್ದ ಹೆಸರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕುಳಿತರು.

ಯುಲ್ವಾಳ ತಾಯಿ ನನ್ನ ಪಕ್ಕದಲ್ಲಿದ್ದರು. ಅರ್ಥ ಕೇಳಿದರು. ಒಂದು ನದಿ ಎಂದೆ. “ಒಳ್ಳೆಯದಾಯಿತು. ತೋಳಕ್ಕೂ ನೀರು ಬೇಕಲ್ಲ,” ಎಂದರು ಆ ಪುಣ್ಯಾತ್ಗಿತ್ತಿ.

ಈಗ ನಾದಿನಿ ಏಳುತ್ತಾರೆ, ರಂಪವಾಗುತ್ತದೆ ಎಂದು ನಾನು ಅಂದುಕೊಂಡೆ. ಅವರು ಎದ್ದರು. ತಟ್ಟೆಯ ಮೇಲೆ ಬಗ್ಗಿ ಓದಿದರು. ಇನ್ನೊಮ್ಮೆ ಓದಿದರು.

“ಛಂದದಲ್ಲs ಹೆಸರು,” ಎಂದರು. “ಶಾಂತಾಗಿಂತ ಛಂದದ. ಇಂಥಾದ್ದು ಎಲ್ಲಿ ಸಿಕ್ತು ನಿನಗ? ಯಾರು ಹುಡುಕಿದ್ರು?”

ತಾವೇ ಅಳಿಸಿದ ಹೆಸರು ಅವರಿಗೆ ನೆನಪೇ ಇರಲಿಲ್ಲ. ವೈನಿ ಅವರನ್ನೇ ಒಂದು ಕ್ಷಣ ನೋಡಿದರು.

“ನಮ್ಮಪ್ಪ,” ಎಂದರು.

“ನಿಮ್ಮಪ್ಪ ತೀರಿಕೊಂಡು ಯಾವ ಕಾಲಾತು.”

“ಹೌದ್ರಿ ಅಕ್ಕಾ. ಅವರು ಮದಲs ಹುಡುಕಿ ಇಟ್ಟಿದ್ರು.”

ನಾದಿನಿ ಒಪ್ಪಿಕೊಂಡು ಎಲ್ಲರಿಗೂ ಸಕ್ಕರೆ ಹಂಚಿದರು.

ಪಾಸ್‌ಪೋರ್ಟಿನಲ್ಲಿ, ಶಾಲೆಯಲ್ಲಿ, ಗಂಡನ ಬಾಯಲ್ಲಿ ಅವಳು ಯುಲ್ವಾ ಆಗಿಯೇ ಉಳಿದಳು. ತೋಳದ ವಿಷಯದಲ್ಲಿ ವೈನಿಯೂ ಮೆತ್ತಗಾದರು. ಕಸದ ಡಬ್ಬಿಯ ತಕರಾರಿಗೆ ಕೌನ್ಸಿಲ್‌ನವರು ಜಪ್ಪಯ್ಯ ಅಂದರೂ ಅಲುಗದಿದ್ದಾಗ ಸೊಸೆಯಿಂದ ಫೋನ್ ಮಾಡಿಸಿ, “ನಮ್ಮ ತೋಳ ಛೂ ಬಿಟ್ಟೇನಿ, ತಡಿ” ಎಂದು ನನಗೆ ಹೇಳಿದ್ದರು. ಅಕ್ಕಿಯ ಮೇಲಿನ ಹೆಸರನ್ನು ಬಳಸುತ್ತಿದ್ದವರು ಅವರೊಬ್ಬರೇ. ಶನಿವಾರ ಎಜ್‌ವೇರ್‌ನಿಂದ ಮಗ ಸೊಸೆ ಬಂದರೆ ಬೇಸಿಗೆಯಲ್ಲಿ ವೈನಿ ತೋಟದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಲ್ಲಿಂದಲೇ ಅವಳನ್ನು ಕರೆಯುತ್ತಿದ್ದರು. ಮದುವೆಯ ದಿನ ಏಳದ ದನಿ ಈಗ ಪೂರ್ತಿ ಎದ್ದಿತ್ತು. ನಡುವಿನ ಮನೆಗಳ ಬೇಲಿ ದಾಟಿ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಸಲ ಕರೆದು ಬಿಡುವವರಲ್ಲ, ಅವಳು ಓಗೊಟ್ಟರೂ ಇನ್ನೊಮ್ಮೆ ಕರೆಯುವರು. ಯುಲ್ವಾ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು, ತಾನು ಕಲಿತಿದ್ದ ನಾಲ್ಕು ಕನ್ನಡ ಮಾತುಗಳಲ್ಲಿ ಒಂದನ್ನು ಬಳಸಿ ಕೇಳುತ್ತಿದ್ದಳು.

“ಏನ್ರಿ ಅತ್ತಿ?”

“ಏನಿಲ್ಲವಾ. ಸುಮ್ನ ಕರದೆ.”